ಮೂರು ಜಿಲ್ಲೆ, ಹತ್ತಾರು ಬಗೆ ಗೋಡೆ, ಒಂದೇ ಎಸ್ಟಿಮೇಟು: ಹಳೆ ಮನೆಗಳ ಹೊರಗೋಡೆ ಕುರಿತು ಬಹಿರಂಗ ಪತ್ರ

ಗೆ,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ನಗರಾಡಳಿತದ ಅಧಿಕಾರಿಗಳಿಗೆ, ಎಂಜಿನಿಯರರಿಗೆ ಹಾಗೂ ದುರಸ್ತಿ ಕಾಮಗಾರಿ ಮಂಜೂರು ಮಾಡುವ ಕಚೇರಿಗಳ ಮುಖ್ಯಸ್ಥರಿಗೆ

ವಿಷಯ: ಹಳೆಯ ವಾಡೆ, ಮನೆ, ಅಗಸಿಗಳ ಕಲ್ಲು ಮತ್ತು ಇಟ್ಟಂಗಿ ಗೋಡೆಗಳಿಗೆ ಸಿಮೆಂಟು ಗಿಲಾವು ನಿಲ್ಲಿಸಿ, ಸುಣ್ಣದ ಕೆಲಸಕ್ಕೆ ದರಪಟ್ಟಿಯಲ್ಲಿ ಜಾಗ ಕೊಡುವ ಬಗ್ಗೆ.

ಮಾನ್ಯರೇ,

ಬೀದರಿನ ಹಳೆ ಊರಿನಲ್ಲಿ ಚೌಬಾರಾ ಗೋಪುರದಿಂದ ಕೋಟೆಯ ಕಡೆಗೆ ನಡೆಯುವಾಗ, ಗಿಲಾವು ಮಾಡಿ ನಾಲ್ಕೈದು ಮಳೆಗಾಲ ಕಳೆದ ಯಾವುದಾದರೂ ಹಳೆ ಮನೆಯ ಮುಂದೆ ನಿಂತು ನೋಡಿ. ಬುಡದಿಂದ ಸೊಂಟದೆತ್ತರದವರೆಗೆ ಸಿಮೆಂಟು ಉಬ್ಬಿಕೊಂಡಿರುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ಸದ್ದು. ಒಂದು ಹಕ್ಕಳೆ ಎಬ್ಬಿಸಿದರೆ ಒಳಗೆ ಬಿಳಿ ಉಪ್ಪಿನ ಹೂವು, ಅದರ ಹಿಂದೆ ಕಲ್ಲಿರಬೇಕಾದ ಕಡೆ ಕೆಂಪು ಪುಡಿ. ಅಂಗೈಗೆ ಸುರಿದುಕೊಂಡರೆ ಕುಂಕುಮದ ಹಾಗೆ ಉದುರುತ್ತದೆ. ನೂರಾರು ವರ್ಷ ಬಿಸಿಲು ಮಳೆಗೆ ಬಗ್ಗದ ಕಲ್ಲು ಅದು. ಅದನ್ನು ಹಾಳು ಮಾಡಿದ್ದು ಅದನ್ನು ಕಾಯಲೆಂದು ಬಳಿದ ಗಿಲಾವೇ.

ಈ ಗಿಲಾವು ಬರುವುದು ಎಸ್ಟಿಮೇಟಿನ ಒಂದೇ ಸಾಲಿನಿಂದ: ಹಳೆ ಗಿಲಾವು ಕಿತ್ತು 1:4 ಸಿಮೆಂಟು ಗಾರೆಯಲ್ಲಿ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಉಸುಕು) 15 ಮಿ.ಮೀ. ಗಿಲಾವು, ಮೇಲೆ ಎರಡು ಕೈ ಬಣ್ಣ. ಬೀದರಿನ ಕೆಂಪುಕಲ್ಲಿಗೂ ಅದೇ ಸಾಲು, ಶಹಾಬಾದ್ ಚಿತ್ತಾಪುರ ಕಡೆಯ ಸುಣ್ಣಗಲ್ಲಿಗೂ ಅದೇ, ಸುರಪುರ ಶಹಾಪುರದ ಬೆಟ್ಟದ ಕಲ್ಲಿಗೂ ಅದೇ. ನಡುವೆ ಇಟ್ಟಂಗಿಯ ಕಮಾನೋ ಕಟಾಂಜನವೋ ಸಿಕ್ಕರೆ ಅದಕ್ಕೂ ಅದೇ. ಒಬ್ಬ ವೈದ್ಯರು ಬಂದವರಿಗೆಲ್ಲ ಒಂದೇ ಗುಳಿಗೆ ಬರೆದುಕೊಟ್ಟರೆ ನೀವೇ ಪ್ರಶ್ನೆ ಕೇಳುತ್ತೀರಿ. ಗೋಡೆಯ ವಿಷಯದಲ್ಲಿ ಯಾರೂ ಕೇಳುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲು ಕೆಂಪುಕಲ್ಲು, ಅಂದರೆ ಜಂಬಿಟ್ಟಿಗೆ. ಇಂಗ್ಲಿಷಿನವರು ಇದಕ್ಕೆ ಇಟ್ಟ ಲ್ಯಾಟರೈಟ್ ಎಂಬ ಹೆಸರು ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದದ್ದು. ನಮ್ಮವರ ಬಾಯಲ್ಲೂ ಅದು ಇಟ್ಟಿಗೆಯೇ ಆಗಿದೆ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಅದರಲ್ಲಿನ ಕಬ್ಬಿಣದ ಅಂಶ ಬಿಗಿದು ಮೇಲ್ಮೈ ಗಟ್ಟಿ. ಆ ಗಟ್ಟಿ ಪದರವೇ ಅದರ ಚರ್ಮ. ಒಳಗೆಲ್ಲ ಜೇನುಗೂಡಿನಂಥ ತೂತು. ಬೀದರಿನ ಹಿರಿಯರಿಗೆ ಈ ಗುಣ ಚೆನ್ನಾಗಿ ಗೊತ್ತಿತ್ತು. ನೌಬಾದಿನ ಸುರಂಗ ಬಾವಿ, ಅಂದರೆ ನೆಲದಡಿ ನೀರು ಹರಿಸುವ ಹಳೆ ಕಾಲುವೆ, ನಡೆಯುವುದೇ ಮೇಲಿನ ಕೆಂಪುಕಲ್ಲು ನೀರನ್ನು ಹೀರಿ ಕೆಳಗೆ ಬಿಡುತ್ತದೆ ಎಂಬ ನಂಬಿಕೆಯ ಮೇಲೆ. ಅದೇ ಕಲ್ಲು ಗೋಡೆಯಾದಾಗ ನೀರು ಹೀರುವುದನ್ನು ಬಿಡುತ್ತದೆಯೇ? ಬುಡದ ತೇವ ಮೇಲೇರುತ್ತದೆ, ಏರಿದ್ದು ಮುಖದಿಂದ ಆರಿ ಹೋಗುತ್ತದೆ. ಹಳೆ ಸುಣ್ಣದ ಗಚ್ಚು ಅದಕ್ಕೆ ದಾರಿ ಬಿಡುತ್ತಿತ್ತು. ಸಿಮೆಂಟು ದಾರಿ ಮುಚ್ಚುತ್ತದೆ. ಹೊರಬರಲಾಗದ ತೇವ ಗಿಲಾವಿನ ಬೆನ್ನಿಗೇ ಆರಿ, ಅಲ್ಲೇ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ತೂತಿನ ಗೋಡೆಗಳನ್ನು ಒಡೆಯುತ್ತದೆ. ಆ ಕೆಂಪು ಪುಡಿ ಹೀಗೆ ಹುಟ್ಟಿದ್ದು. ಉಪ್ಪು ನೆಲದಿಂದ ಬಂದದ್ದು ಒಂದಿಷ್ಟು, ಸಿಮೆಂಟೇ ತಂದುಕೊಟ್ಟದ್ದು ಇನ್ನೊಂದಿಷ್ಟು.

ಬಲದ ಲೆಕ್ಕವನ್ನೂ ನೋಡಿ. ಕಟ್ಟಡಕ್ಕೆ ಯೋಗ್ಯವಾದ ಜಂಬಿಟ್ಟಿಗೆಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್. 1:4 ಸಿಮೆಂಟು ಗಾರೆಯ ಬಲ 28 ದಿನಕ್ಕೆ ಸುಮಾರು 7.5. ಸುಣ್ಣ ಮತ್ತು ಉಸುಕಿನ ಗಾರೆಯದು ಒಂದಕ್ಕಿಂತ ಕಡಿಮೆ. ಕಾಗದದ ಮೇಲೆ ಸಿಮೆಂಟು ಗೆದ್ದಂತೆ ಕಾಣುತ್ತದೆ. ಗೋಡೆಯಲ್ಲಿ ಲೆಕ್ಕ ತಿರುಗುಮುರುಗು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಯಾವುದೋ ಒಂದು ಬಿರಿಯಲೇಬೇಕು. ಗಾರೆ ಮೆತ್ತಗಿದ್ದರೆ ಗಾರೆ ಬಿರಿಯುತ್ತದೆ, ಐವತ್ತು ವರ್ಷಕ್ಕೊಮ್ಮೆ ಸಂದು ತುಂಬಿದರಾಯಿತು. ಗಾರೆ ಕಲ್ಲಿಗಿಂತ ಬಲವಾಗಿದ್ದರೆ ಕಲ್ಲು ಬಿರಿಯುತ್ತದೆ. ಸಿಮೆಂಟಿನಿಂದ ಸಂದು ತುಂಬಿದ ಕೆಂಪುಕಲ್ಲಿನ ಗೋಡೆಗಳಲ್ಲಿ ಕಲ್ಲಿನ ಮುಖ ಒಳಗೆ ಸವೆದು, ಸಂದುಗಳು ಮಾತ್ರ ಮೀನಿನ ಬಲೆಯ ಹಾಗೆ ಎದ್ದು ನಿಂತಿರುವುದನ್ನು ನೀವೂ ಕಂಡಿರುತ್ತೀರಿ. ಸಂದು ಉಳಿದು ಕಲ್ಲು ಹೋದ ಗೋಡೆಗೆ ದುರಸ್ತಿಯೆಂಬುದೇ ಇಲ್ಲ, ಕಲ್ಲು ಬದಲಿಸಬೇಕು.

ಶಹಾಬಾದ್ ಕಲ್ಲಿನ ಕಥೆ ಬೇರೆ. ನಾಡಿನ ಅರ್ಧ ಅಡುಗೆಮನೆಗಳ ನೆಲಕ್ಕೆ ಹೋದ ಈ ಫರ್ಸಿ, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಗೋಡೆಗೂ ಆಯಿತು, ಮಾಳಿಗೆಗೂ (ಮನೆಯ ಚಾವಣಿಗೂ) ಆಯಿತು, ಹೊಲದ ಬದುವಿಗೂ ಆಯಿತು. ಪುಸ್ತಕದ ಹಾಳೆಯಂತೆ ಪದರ ಪದರ ಇರುವ ಕಲ್ಲು. ನೆಲದಲ್ಲಿ ಮಲಗಿದ್ದ ಹಾಗೇ ಗೋಡೆಯಲ್ಲೂ ಮಲಗಿಸಿದರೆ ಮೇಲಿನ ಭಾರ ಪದರಗಳನ್ನು ಒತ್ತಿ ಹಿಡಿಯುತ್ತದೆ, ಏನೂ ಆಗುವುದಿಲ್ಲ. ಈಗಿನ ಸುಂದರೀಕರಣದಲ್ಲಿ ಅದನ್ನೇ ನಿಲ್ಲಿಸಿ, ಗೋಡೆಗೆ ಸಿಮೆಂಟಿನಿಂದ ಅಂಟಿಸುತ್ತಾರೆ. ಪದರದ ಸಂದಿಗೆ ನೀರು ಇಳಿದು ಒಂದೊಂದೇ ಹಾಳೆ ಬಿಚ್ಚಿಕೊಳ್ಳುತ್ತದೆ.

ಅದಕ್ಕಿಂತ ಕೆಟ್ಟದ್ದು ಆ್ಯಸಿಡ್. ಹಬ್ಬಕ್ಕೆ, ಗಣ್ಯರ ಭೇಟಿಗೆ ಕಲ್ಲು ಬೆಳ್ಳಗಾಗಲಿ ಎಂದು ಶೌಚಾಲಯ ತೊಳೆಯುವ ಆ್ಯಸಿಡ್ ಸುರಿದು ತಿಕ್ಕಿಸುತ್ತಾರೆ. ಇದು ಸುಣ್ಣಗಲ್ಲು, ಸ್ವಾಮಿ. ಒಂದು ತುಂಡಿನ ಮೇಲೆ ಆ್ಯಸಿಡ್ಡಿನ ಹನಿ ಬಿಟ್ಟು ನೋಡಿ, ಸೋಡಾದ ಹಾಗೆ ನೊರೆ ಬರುತ್ತದೆ. ಆ ನೊರೆ ಕೊಳೆ ಹೋಗುವ ನೊರೆ ಅಲ್ಲ, ಕಲ್ಲು ಕರಗುವ ನೊರೆ. ಕರಗಿ ಉಳಿದ ಕ್ಲೋರೈಡ್ ಉಪ್ಪು ತೂತುಗಳಲ್ಲಿ ಕೂತು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಇದೇ ನೊರೆಯಿಂದ ಒಂದು ಉಪಯೋಗವೂ ಇದೆ: ಹಳೆ ಗಾರೆಯ ಚೂರಿನ ಮೇಲೆ ಒಂದು ಹನಿ ಬಿಟ್ಟಾಗ ಜೋರಾಗಿ ನೊರೆ ಬಂದರೆ ಸುಣ್ಣದ ಗಾರೆ, ಸುಮ್ಮನಿದ್ದರೆ ಬರೀ ಮಣ್ಣು. ಸಿಮೆಂಟಿನ ಚೂರೂ ತುಸು ನೊರೆ ಕೊಡುತ್ತದೆ, ಆದರೆ ಅದರ ಬೂದು ಬಣ್ಣ, ಗಟ್ಟಿತನ ಕೈಗೇ ತಿಳಿಯುತ್ತದೆ. ಪರೀಕ್ಷೆಗೆ ಹುಣಸೆ ಕಾಳಿನಷ್ಟು ಚೂರು ಸಾಕು, ಗೋಡೆಗೆ ಸುರಿಯಬೇಕಿಲ್ಲ.

ಕಲಬುರಗಿ, ಆಳಂದ ಕಡೆಯ ಕರಿಕಲ್ಲು ಮತ್ತು ಯಾದಗಿರಿ ಕಡೆಯ ಬೆಟ್ಟಗಲ್ಲಿನ ತೊಂದರೆ ತದ್ವಿರುದ್ಧ. ಇವು ನೀರು ಹೀರುವುದು ಅತಿ ಕಡಿಮೆ, ಹಾಗಾಗಿ ಗಿಲಾವಿಗೆ ಹಿಡಿತ ಸಿಗುವುದಿಲ್ಲ; ಹಾಳೆ ಹಾಳೆಯಾಗಿ ಕಳಚಿ ಬೀಳುತ್ತದೆ. ಕಲ್ಲಿಗೆ ಅದರಿಂದ ಕೇಡಿಲ್ಲ. ಕೇಡಿರುವುದು ಗೋಡೆಯ ಹೊಟ್ಟೆಯಲ್ಲಿ. ಎರಡು ಅಡಿ ದಪ್ಪದ ಗೋಡೆಯೆಂದರೆ ಎರಡು ಮುಖ, ನಡುವೆ ಕಲ್ಲುಚೂರು ಮತ್ತು ಮಣ್ಣು. ಮಾಳಿಗೆಯ ಅಂಚಿನಿಂದ ಇಳಿದ ನೀರು ಆ ಮಣ್ಣನ್ನು ತೊಳೆದು ಕೆಳಕ್ಕೆ ಕೂರಿಸುತ್ತದೆ, ಹೊರಮುಖ ಬಸುರಿಯ ಹಾಗೆ ಮುಂದೆ ಬರುತ್ತದೆ. ಸಿಮೆಂಟು ಬಳಿದರೆ ಈ ಉಬ್ಬು ಕಣ್ಣಿಗೆ ಬೀಳುವುದಿಲ್ಲ. ಗೋಡೆ ಬಿದ್ದ ದಿನವೇ ಗೊತ್ತಾಗುವುದು.

ಇಲ್ಲಿ ಕಿಲ್ಲಾರಿಯ ಮಾತು ಬಂದೇ ಬರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಲಾತೂರು ಸೀಮೆಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಮಲಗಿದಲ್ಲೇ ಹೋದರು. ಅಂದಿನಿಂದ ಕಲ್ಲಿನ ಮನೆ ಎಂದರೆ ಅಪಾಯ ಎಂಬ ಷರಾ ಕಡತಗಳಲ್ಲಿ ಕಾಯಂ ಆಗಿದೆ. ಭಯ ಸುಳ್ಳಲ್ಲ. ಆದರೆ ಅಲ್ಲಿ ಜನರನ್ನು ಕೊಂದದ್ದು ಎರಡು ಮುಖವನ್ನು ಹಿಡಿದು ಕಟ್ಟುವ ಉದ್ದಗಲ್ಲುಗಳಿಲ್ಲದ ಗೋಡೆ, ಮೂಲೆಗಳಲ್ಲಿ ಹೆಣಿಗೆ ಇಲ್ಲದ ಕಟ್ಟಣಿಕೆ ಮತ್ತು ಮಾಳಿಗೆಯ ಮಣ್ಣಿನ ಭಾರ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ. ಹತ್ತು ಹನ್ನೆರಡು ಅಡಿಯ ಒಂದೇ ಕೋಣೆಯ ಮೇಲೆ ಐದೂವರೆ ಟನ್. ಮಳೆಗಾಲಕ್ಕೆ ಮುಂಚೆ ವರ್ಷವರ್ಷ ಒಂದೊಂದು ಬುಟ್ಟಿ ಸೇರಿಸುತ್ತ ಹೋದರೆ ಅದು ಎರಡಡಿಯೂ ಆಗುತ್ತದೆ. ಹೊಸ ಮಣ್ಣು ಹಾಕುವ ಮುಂಚೆ ಹಳೆಯದನ್ನು ಕೆರೆದು ಇಳಿಸಬೇಕು ಎಂಬುದನ್ನೇ ಜನ ಮರೆತಿದ್ದಾರೆ.

ಗೋಡೆಯ ಎರಡು ಮುಖ ಹಿಡಿದು ಕಟ್ಟುವ ಕೆಲಸವನ್ನು ಗೋಡೆ ಕೆಡವದೇ ಮಾಡಬಹುದು. ಒಂದು ಕಲ್ಲನ್ನು ಮೆಲ್ಲಗೆ ಸಡಿಲಿಸಿ, ಗೋಡೆಯ ಆಚೆ ಮುಖದವರೆಗೆ ಸುಮಾರು 75 ಮಿ.ಮೀ. ರಂಧ್ರ ಮಾಡಿ, ಎರಡೂ ತುದಿ ಬಗ್ಗಿಸಿದ 8 ಮಿ.ಮೀ. ಸಲಾಕೆ ಇಟ್ಟು ಕಾಂಕ್ರೀಟು ತುಂಬುವುದು. ಹೊಸ ಗೋಡೆಗೆ ಮಾನಕ ಹೇಳುವ ಉದ್ದಗಲ್ಲಿನ ಅಂತರ ಎತ್ತರದಲ್ಲಿ 60 ಸೆಂ.ಮೀ., ಅಡ್ಡಕ್ಕೆ 1.2 ಮೀಟರ್, ಹಳೆಯದಕ್ಕೂ ಸರಿಸುಮಾರು ಅದನ್ನೇ ಹಿಡಿಯಿರಿ. ರಂಧ್ರವನ್ನು ಸಣ್ಣ ಹಾರೆ ತಿರುಗಿಸಿ ಮಾಡಬೇಕು, ಸುತ್ತಿಗೆಯಿಂದ ಬಡಿದು ಅಲ್ಲ. ಸಿಮೆಂಟಿಗೆ ಹಳೆ ಗೋಡೆಯಲ್ಲಿ ನಾವು ಕೊಡುವ ಜಾಗ ಇದೊಂದೇ: ಹೊಟ್ಟೆಯೊಳಗೆ, ಗೇಣಗಲಕ್ಕಿಂತ ಕಡಿಮೆ.

ಇಟ್ಟಂಗಿ ಬಗ್ಗೆ ಎರಡೇ ಮಾತು. ವಾಡೆಗಳ ಕಮಾನು, ಗೂಡು, ಮೇಲಂಚಿನಲ್ಲಿರುವ ಹಳೆ ಇಟ್ಟಂಗಿ ಈಗಿನದಕ್ಕಿಂತ ತೆಳ್ಳಗೆ, ಕಟ್ಟಿಗೆ ಬೆಂಕಿಯಲ್ಲಿ ಬೆಂದದ್ದು. ಅದಕ್ಕೂ ಬೆಂದ ಚರ್ಮವಿದೆ, ಅದು ಹೋದರೆ ಒಳಗಿನದು ಬಿಸ್ಕೀಟು. ಆದ್ದರಿಂದ ಉಸುಕು ಚಿಮ್ಮಿಸಿ ಸ್ವಚ್ಛ ಮಾಡುವುದು, ಗ್ರೈಂಡರಿನಿಂದ ಸಂದು ಕೊರೆಯುವುದು ಎರಡೂ ಬೇಡ. ಮುರಿದದ್ದಕ್ಕೆ ಬದಲಿ ಹಾಕುವಾಗ ಅದೇ ಅಳತೆಯದನ್ನು ಸುಡಿಸಬೇಕು. ಮೂರಿಂಚಿನ ಹೊಸ ಇಟ್ಟಂಗಿ ಕತ್ತರಿಸಿ ತುರುಕಿದರೆ ಸಾಲು ತಪ್ಪಿ, ಕಮಾನಿನ ಭಾರ ಒಂದೇ ಬದಿಗೆ ಹೋಗುತ್ತದೆ. ಬದಲಿ ಇಟ್ಟಂಗಿ 24 ಗಂಟೆ ನೀರಿನಲ್ಲಿಟ್ಟಾಗ ತನ್ನ ತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಕುಡಿದರೆ ವಾಪಸು ಕಳಿಸಿ.

ಈಗ ರಸ್ತೆಯ ವಿಷಯ. ಗೋಡೆಗಳಿಗೆ ಅತಿ ಹೆಚ್ಚು ಪೆಟ್ಟು ಬಿದ್ದಿರುವುದು ಗಿಲಾವಿನಿಂದಲೋ ರಸ್ತೆಯಿಂದಲೋ ಎಂದು ನಮ್ಮಲ್ಲೇ ವಾದವಿದೆ. ಹಳೆ ಡಾಂಬರು ಕೆರೆಯದೇ ಮೇಲೆ ಮೇಲೆ ಹೊಸದು ಹಾಕಿ, ಕೊನೆಗೆ ಕಾಂಕ್ರೀಟು ಹಾಕಿ, ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗುವಂತಾಗಿದೆ. ಜೊತೆಗೆ ಕಾಂಕ್ರೀಟನ್ನು ಗೋಡೆಯ ಬುಡಕ್ಕೇ ತಂದು ಮುಟ್ಟಿಸುತ್ತಾರೆ. ಮೊದಲು ಬೀದಿಯ ಮಣ್ಣಿನಿಂದ ಆರುತ್ತಿದ್ದ ತೇವಕ್ಕೆ ಈಗ ಗೋಡೆಯೊಂದೇ ದಾರಿ. ಚರಂಡಿ ಕಟ್ಟಿದರೆ ಅದರ ನೀರೂ ಅದಕ್ಕೇ. ಗೋಡೆಗೂ ಕಾಂಕ್ರೀಟಿಗೂ ನಡುವೆ ಒಂದು ಅಡಿ ಜಾಗ ಬಿಟ್ಟು ಜಲ್ಲಿ ತುಂಬಿಸಿ ಎಂದು ಎಸ್ಟಿಮೇಟಿನಲ್ಲಿ ಬರೆದರೆ ಖರ್ಚು ಕಡಿಮೆಯೇ ಆಗುತ್ತದೆ, ಹೆಚ್ಚಲ್ಲ.

ರಸ್ತೆ ಅಗಲೀಕರಣದ್ದು ಇನ್ನೊಂದು ಗೋಳು. ಮನೆಯ ಮುಂಭಾಗ ಆರಡಿ ಕಡಿದ ಮೇಲೆ ಅಡ್ಡಗೋಡೆಗಳ ಹೊಟ್ಟೆ ಬೀದಿಗೆ ತೆರೆದುಕೊಳ್ಳುತ್ತದೆ. ಅದಕ್ಕೆ ನಾಲ್ಕೂವರೆ ಇಂಚಿನ ಇಟ್ಟಂಗಿ ಪರದೆ ಕಟ್ಟಿ, ಗಿಲಾವು ಮಾಡಿ ಮುಗಿಸುತ್ತಾರೆ. ಪರದೆಗೂ ಅಡ್ಡಗೋಡೆಗೂ ಹೆಣಿಗೆಯೇ ಇರುವುದಿಲ್ಲ. ಮೊದಲ ಬೇಸಿಗೆಯಲ್ಲೇ ಮೇಲಿಂದ ಕೆಳಗೆ ನೆಟ್ಟಗೆ ಬಿರುಕು. ಕಡಿದ ಚೌಕಟ್ಟುಗಲ್ಲು, ಕಮಾನಿನ ಕಲ್ಲು, ಕೆತ್ತನೆಯ ಗೂಡು ಎಲ್ಲ ಮಣ್ಣು ಕಸದ ಲೆಕ್ಕದಲ್ಲಿ ಟ್ರ್ಯಾಕ್ಟರ್ ಹತ್ತಿ ಹೋಗುತ್ತವೆ. ಎಲ್ಲಿಗೆ ಎಂದು ಮನೆಯವರೂ ಕೇಳುವುದಿಲ್ಲ, ಬರೆದುಕೊಳ್ಳುವವರೂ ಇಲ್ಲ.

ಸುಣ್ಣದ ಕೆಲಸಕ್ಕೆ ಜನ ಸಿಗುವುದಿಲ್ಲ, ಸುಣ್ಣ ಸಿಗುವುದಿಲ್ಲ ಎಂಬುದು ನಿಮ್ಮ ಕಚೇರಿಗಳ ರೂಢಿಯ ಉತ್ತರ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸುತ್ತ ದಿನವೂ ಸುಣ್ಣಗಲ್ಲನ್ನು ಸಿಮೆಂಟಿಗಾಗಿ ಸುಡುತ್ತಾರೆ. ಅದೇ ಜಿಲ್ಲೆಯಲ್ಲಿ ಗೋಡೆಗೆ ನಾಲ್ಕು ಚೀಲ ಜೀವಂತ ಸುಣ್ಣ ಸಿಗದು ಎಂದರೆ ನಂಬುವುದು ಕಷ್ಟ, ಆದರೂ ಅರ್ಧ ನಿಜ. ಕೇಳುವವರಿಲ್ಲದ್ದಕ್ಕೆ ಮಾರುವವರಿಲ್ಲ. ಅಂಗಡಿಯ ಪ್ಯಾಕೆಟ್ ಸುಣ್ಣ ಬಳಿಯುವುದಕ್ಕೆ ಆದೀತು, ಗಾರೆಗೆ ಬಾರದು. ಬಹಳಷ್ಟು ಸಲ ಗಾಳಿ ತಗುಲಿ ಸತ್ತೇ ಹೋಗಿರುತ್ತದೆ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿದರೆ ಕುದಿದು, ಸದ್ದು ಮಾಡಿ, ಅರಳಬೇಕು. ಸುಮ್ಮನೆ ಮುಳುಗಿ ಕೂತರೆ ಬಿಲ್ಲು ಪಾಸು ಮಾಡಬೇಡಿ.

ಅರಳಿದ ಸುಣ್ಣವನ್ನು ಸೋಸಿ, ಗುಂಡಿಯಲ್ಲಿ ನೀರಿನ ಕೆಳಗೆ ಕನಿಷ್ಠ ಮೂರು ವಾರ ಬಿಡಬೇಕು. ಮೂರು ತಿಂಗಳಾದರೆ ಬೆಣ್ಣೆ. ಅದರ ಒಂದು ಪಾಲಿಗೆ ಮೂರು ಪಾಲು ತೊಳೆದ ಉಸುಕು. ತೇವ ಹೆಚ್ಚಿರುವ ಬುಡಕ್ಕೆ, ಮಳೆ ಬಡಿಯುವ ಮೇಲಂಚಿಗೆ ಉಸುಕು ಎರಡು ಪಾಲು ಮಾಡಿ, ಒಂದು ಪಾಲು ಸುರ್ಕಿ, ಅಂದರೆ ಹದವಾಗಿ ಬೆಂದ ಇಟ್ಟಂಗಿಯ ಪುಡಿ. ಕರ್ರಗೆ ಸುಟ್ಟ ಇಟ್ಟಂಗಿಯ ಪುಡಿಗೆ ತೇವದಲ್ಲೂ ಗಾರೆ ಬಿಗಿಸುವ ಗುಣವಿಲ್ಲ. ಬೆಲ್ಲದ ನೀರು, ಬಿಲ್ವದ ಕಾಯಿ ಎಂದು ಕೆಲವರು ಮಂತ್ರದ ಹಾಗೆ ಹೇಳುತ್ತಾರೆ. ಹದವಾಗಿ ಹಾಕಿದರೆ ತಪ್ಪಿಲ್ಲ, ಆದರೆ ಸತ್ತ ಸುಣ್ಣಕ್ಕೆ ಬೆಲ್ಲ ಜೀವ ಕೊಡುವುದಿಲ್ಲ.

ಸಂದಿನ ಹಳೆ ಗಾರೆಯನ್ನು ಉಳಿ ಮತ್ತು ಸಣ್ಣ ಸುತ್ತಿಗೆಯಿಂದ ಕನಿಷ್ಠ ಒಂದು ಇಂಚು ಆಳ ತೆಗೆದು, ಪುಡಿ ಊದಿ, ನೀರು ಕುಡಿಸಿ, ಕಲ್ಲು ಸಾಕೆನ್ನುವವರೆಗೆ ಕಾದು, ಆಮೇಲೆ ಗಾರೆ ಒತ್ತಬೇಕು. ಅಗಲ ಸಂದಿಗೆ ಬರೀ ಗಾರೆ ತುಂಬದೆ ಅದೇ ಕಲ್ಲಿನ ಚಕ್ಕೆ ಇಡಬೇಕು. ಗಾರೆ ಕಲ್ಲಿನ ಮುಖಕ್ಕಿಂತ ಕೂದಲೆಳೆಯಷ್ಟು ಒಳಗೇ ನಿಲ್ಲಲಿ. ಹಾವಿನ ಹಾಗೆ ಉಬ್ಬಿಸಿ ಗೆರೆ ಎಳೆಯುವ ಫ್ಯಾಶನ್ ಮಳೆನೀರಿಗೆ ಜಗುಲಿ ಕಟ್ಟಿಕೊಟ್ಟಂತೆ. ಆಮೇಲೆ ಒಂದು ವಾರ ಒದ್ದೆ ಗೋಣಿತಾಟು. ಇಷ್ಟೆಲ್ಲ ನಮ್ಮ ಬಿಸಿಲಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸಾಧ್ಯವಿಲ್ಲ. ನೀರು ಆವಿಯಾಗಿ ಗಾರೆ ಬಿಗಿಯುವ ಮೊದಲೇ ಹಿಟ್ಟಾಗುತ್ತದೆ. ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯೊಳಗೆ ಮುಗಿಯಬೇಕಾದ ಕೆಲಸ. ನಿಮ್ಮ ಟೆಂಡರು ತೆರೆಯುವುದು ಫೆಬ್ರವರಿಯಲ್ಲಿ, ಬಿಲ್ಲಿಗೆ ಗಡುವು ಮಾರ್ಚ್ 31. ಗೋಡೆಗೆ ಹಣಕಾಸು ವರ್ಷ ಗೊತ್ತಿಲ್ಲ.

ಹಾಗಾಗಿ ನಮ್ಮ ಬೇಡಿಕೆಗಳನ್ನು ಬಿಡಿಸಿ ಹೇಳುತ್ತೇವೆ. ಸುಣ್ಣದ ಗಾರೆ, ಸುಣ್ಣದ ಗಿಲಾವು, ಸಂದು ತುಂಬುವ ಕೆಲಸಗಳನ್ನು ಹಳೆ ಮನೆಗಳ ಕಾಮಗಾರಿಗೆ ಪ್ರತ್ಯೇಕ ಸಾಲುಗಳಾಗಿ ದರ ಸಮೇತ ಸೇರಿಸಿ. ಸಂದು ತುಂಬುವುದನ್ನು ಚದರಡಿ ಲೆಕ್ಕಕ್ಕೆ ಕೊಡಬೇಡಿ. ಚದರಡಿ ಲೆಕ್ಕವೇ ಗೌಂಡಿಯ ಕೈಗೆ ಗ್ರೈಂಡರ್ ಕೊಡುವುದು. ಕೆಲಸಕ್ಕೆ ಮುಂಚೆ ಕಲ್ಲು ಯಾವುದು, ಹಳೆ ಗಾರೆ ಯಾವುದು, ತೇವ ಎಲ್ಲಿಂದ, ತೂಗುಗುಂಡು ಬಿಟ್ಟಾಗ ಉಬ್ಬು ಎಷ್ಟು ಎಂಬ ಒಂದು ಪುಟದ ಟಿಪ್ಪಣಿ ಕಡತದಲ್ಲಿರಲಿ. ಒಂದು ಚದರ ಮೀಟರ್ ಮಾದರಿ ಮಾಡಿಸಿ, ಒಂದು ತಿಂಗಳು ಬಿಟ್ಟು ನೋಡಿ, ಆಮೇಲೆ ಉಳಿದದ್ದಕ್ಕೆ ಸಹಿ ಹಾಕಿ. ಆ್ಯಸಿಡ್, ಉಸುಕು ಚಿಮ್ಮಿಸುವುದು, ಕಲ್ಲಿಗೆ ಎಣ್ಣೆ ಬಣ್ಣ ಅಥವಾ ಪ್ಲಾಸ್ಟಿಕ್ ಬಣ್ಣ, ಇವಿಷ್ಟನ್ನು ಟೆಂಡರಿನಲ್ಲೇ ನಿಷೇಧಿಸಿ. ಗೋಡೆಯಲ್ಲಿ ಅರಳಿ ಗಿಡ ಎದ್ದರೆ ಎಳೆದು ಕೀಳಿಸಬೇಡಿ, ಬೇರಿನ ಜೊತೆ ಗೋಡೆ ಬರುತ್ತದೆ. ಬುಡ ಕಡಿದು ಬೇರು ಸಾಯುವವರೆಗೆ ಕಾದು ಸಂದು ತುಂಬಿಸಿ.

ಬೀದರಿನ ಹಳೆ ಊರಿಗೆ ಇನ್ನೊಂದು ವಿಶೇಷ ಬೇಡಿಕೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ದುರಸ್ತಿಗೆ ಅನುಮತಿ ಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ಅರ್ಜಿ ಬರೆಯಲು ಬಾರದ ಮನೆಯವರು ದುರಸ್ತಿಯನ್ನೇ ಕೈಬಿಟ್ಟು, ಗೋಡೆ ತಾನಾಗಿ ಬೀಳಲಿ ಎಂದು ಕೂರುತ್ತಾರೆ. ಅರ್ಜಿ ತುಂಬಲು ಸಹಾಯ ಮಾಡುವ ಒಬ್ಬರನ್ನು ವಾರಕ್ಕೊಂದು ದಿನ ಕೂರಿಸಿ. ಬೀದರಿನ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಮಹಮೂದ್ ಗವಾನನ ಮದರಸಾ ಉಳಿದು ಅದರ ಸುತ್ತಲಿನ ಬೀದಿ ಹೋದರೆ ನೋಡಲು ಬಂದವರಿಗೆ ನಾವು ತೋರಿಸುವುದು ಒಂದು ದ್ವೀಪವನ್ನು.

ಅಗಲೀಕರಣಕ್ಕೆ ಗುರುತು ಹಾಕುವ ದಿನವೇ ಮನೆಯ ಮುಂಭಾಗದ ಫೋಟೊ ತೆಗೆದು, ಚೌಕಟ್ಟು ಮತ್ತು ಕಮಾನಿನ ಪ್ರತಿ ಕಲ್ಲಿಗೆ ಸಂಖ್ಯೆ ಬರೆಸಿ. ಇಳಿಸಿದ ಕಲ್ಲು ಮನೆಯವರದು ಎಂದು ಆದೇಶದಲ್ಲಿ ಬರೆಯಿರಿ. ಹಿಂದೆ ಸರಿಸಿ ಕಟ್ಟುವ ಗೋಡೆಗೆ ಅವೇ ಕಲ್ಲು ಬಳಸುವವರಿಗೆ, ಅಡ್ಡಗೋಡೆಗೆ ಹೆಣಿಗೆ ಕೊಟ್ಟು ಕಟ್ಟುವವರಿಗೆ, ಕೂಲಿಯ ವ್ಯತ್ಯಾಸವನ್ನು ಪರಿಹಾರದಲ್ಲಿ ಸೇರಿಸಿ. ಶಿಥಿಲ ಮನೆ ಎಂದು ನೋಟಿಸು ಅಂಟಿಸುವ ಮುಂಚೆ ಉದ್ದಗಲ್ಲು ಇವೆಯೇ, ಮಾಳಿಗೆಯ ಮಣ್ಣು ಎಷ್ಟಿದೆ ಎಂದು ಒಬ್ಬರು ಏಣಿ ಹತ್ತಿ ನೋಡಲಿ.

ತಾಲೂಕಿಗೊಂದು ಸುಣ್ಣದ ಗುಂಡಿ ತೋಡಲು ಹೆಚ್ಚು ಜಾಗ ಬೇಡ. ಹತ್ತಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳ, ಮೇಲೊಂದು ತಗಡಿನ ಮುಚ್ಚಳ. ಈ ಮಳೆಗಾಲ ಮುಗಿಯುವುದರೊಳಗೆ ತೋಡಿಸಿದರೆ ದೀಪಾವಳಿಗೆ ಸುಣ್ಣ ಹದಕ್ಕೆ ಬಂದಿರುತ್ತದೆ. ಕಲಿಸಲು ಬಲ್ಲ ಹಿರಿಯ ಗೌಂಡಿಗಳು ಮೂರೂ ಜಿಲ್ಲೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಮೊಣಕಾಲು ಇನ್ನೆಷ್ಟು ದಿನ ಪರಾಂಚು ಹತ್ತೀತು ಎಂಬುದನ್ನು ಗಮನದಲ್ಲಿಟ್ಟು ದಿನಾಂಕ ನಿಗದಿ ಮಾಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹಳೆ ಮನೆಗಳ ದುರಸ್ತಿ ಮಾಡುವ ಗೌಂಡಿಗಳು, ಕಲ್ಲು ಕೆಲಸದವರು ಮತ್ತು ಎಂಜಿನಿಯರರು